ಇಡ್ಲಿ ಪಾತ್ರೆ ಉಳಿಸಿದ ಗ್ರಾಫಿಕ್ಸ್ ಕಾರ್ಡು

ಅಕ್ಕನಿಗೆ ಕಣ್ಸನ್ನೆ ಮಾಡಿದ್ದು ನಾನೋ, ಅವಳೇ ಸ್ವಂತ ಬುದ್ಧಿಯಿಂದ ಫೋನ್ ಎತ್ತಿಕೊಂಡಳೋ, ನನಗೆ ಖಚಿತವಿಲ್ಲ. ಬೇರೆಯವರ ಮಾತನ್ನು ಅನುಮಾನಿಸುವುದನ್ನು ವಿಶ್ವವಿದ್ಯಾಲಯದಲ್ಲಿ ಕಲಿತೆ. ನನ್ನ ನೆನಪನ್ನೇ ಅನುಮಾನಿಸುವುದನ್ನು ಅಕ್ಕ ಕಲಿಸಿದಳು.

ನಂಜನಗೂಡಿನಲ್ಲಿ ಭಾವನದು ವೆಲ್ಡಿಂಗ್ ಶಾಪು. ಗೇಟು, ಟ್ರೇಲರ್ ಮಾಡುತ್ತಾರೆ. ಹೊಸ ಡ್ರಿಲ್ಲಿಂಗ್ ಮಿಷನ್ ಬೇಕು ಎನ್ನುತ್ತಿದ್ದವರ ತಲೆ ಕೆಡಿಸಿ, ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡ್ ತರಿಸಿದವನು ನಾನು. ಟ್ರೇಲರ್ ಕೊಕ್ಕೆಯಲ್ಲಿ ಎಲ್ಲಿ ಕಬ್ಬಿಣ ಬೇಕು, ಎಲ್ಲಿ ಬೇಡ ಎಂದು ಲೆಕ್ಕ ಹಾಕುವ ಸಾಫ್ಟ್‌ವೇರ್ ಒಂದು ಅಲ್ಲಿತ್ತು. ಒಂದೊಂದು ಲೆಕ್ಕಕ್ಕೂ ಅರ್ಧ ದಿನ. ಕಾರ್ಡ್ ಬಂದರೆ ಕಾಫಿ ಕುಡಿಯುವುದರೊಳಗೆ ಮುಗಿಯುತ್ತದೆ ಎಂದಿದ್ದೆ. ಕಾರ್ಡ್ ಕೂರಿಸಿದೆ, ಅದನ್ನು ನಡೆಸುವ ಡ್ರೈವರ್ ಪ್ರೋಗ್ರಾಂ ಹಾಕಿದೆ. ಎರಡು ದಿನವಾದರೂ ಸಾಫ್ಟ್‌ವೇರ್ ಅದರ ಕಡೆ ತಿರುಗಿಯೂ ನೋಡಲಿಲ್ಲ. ವಾಪಸು ಕೊಡುವುದಾದರೆ ಮೂರನೆಯ ದಿನದ ಸಂಜೆಯೇ ಕೊನೆ ಎಂದು ಅಂಗಡಿಯವನು ಹೇಳಿದ್ದ.

ಆ ದಿನ ಬೆಳಿಗ್ಗೆ ಭಾವ ಗಾಡಿಗೆ ಗೇಟು ಹೇರಿಸಿ ಹೊರಟರು.

“ನರಸೀಪುರಕ್ಕೆ ಓಗಿ ಗೇಟ್ ಇಳ್ಸಿ ಬತ್ತೀನಿ. ಅಷ್ಟ್ರಲ್ಲಿ ಕೊಕ್ಕೆ ಲೆಕ್ಕ ಮುಗೀಬೇಕು ಕಣ್ಲಾ. ಇಲ್ದಿದ್ರೆ ನಿನ್ ಕಾರ್ಡು ಅಂಗ್ಡಿಗೆ, ನಂಗೆ ಡ್ರಿಲ್ಲು.”

“ಆಗ್ಲಿ ಭಾವ,” ಎಂದೆ.

‘ಕಾರ್ಡ್ ಬಳಸು’ ಎಂಬಲ್ಲಿ ಗುರುತು ಹಾಕಿ ಲೆಕ್ಕ ಶುರು ಮಾಡಿದೆ. ಕಾರ್ಡಿನ ಫ್ಯಾನ್ ಗಿರ್ರನೆ ತಿರುಗುತ್ತಿತ್ತು. ಸಾಕ್ಷಿಯಿಲ್ಲದೆ ಏನನ್ನೂ ನಂಬದ ನಾನು ಅದನ್ನೇ ಸಾಕ್ಷಿ ಎಂದು ಒಪ್ಪಿಕೊಂಡೆ. ಹನ್ನೊಂದೂವರೆಗೆ ಅರ್ಧವೂ ಆಗಿರಲಿಲ್ಲ. ಊಟದ ಡಬ್ಬಿ ತಂದ ಅಕ್ಕ ಪರದೆ ನೋಡಿದಳು, ನನ್ನ ಮುಖ ನೋಡಿದಳು, ಭಾವನಿಗೆ ಫೋನ್ ಹಚ್ಚಿದಳು.

“ರೀ, ಬರ್ತಾ ಹಂಗೇ ಅದಿನಾರ್ ಊರಿಗೆ ಓಗಿ ಬನ್ನಿ. ಚಿಕ್ಕಮ್ಮನ ಮನೇಲಿ ನಮ್ ಇಡ್ಲಿ ಪಾತ್ರೆ ಉಳ್ಕೊಂಡದೆ,” ಎಂದು ಫೋನಿಟ್ಟು, ನನ್ನ ಕಡೆ ತಿರುಗಿದಳು: “ಅಲ್ಲಿ ಅಳಿಯನ್ನ ಉಣ್ಣಿಸ್ದೆ ಕಳ್ಸಲ್ಲ ಕಣೋ.”

ಉಣ್ಣಿಸಿದ್ದಷ್ಟೇ ಅಲ್ಲ, ಊಟವಾದ ಮೇಲೆ ಚಾಪೆಯನ್ನೂ ಹಾಸಿಕೊಟ್ಟರಂತೆ. ಭಾವ ಇಡ್ಲಿ ಪಾತ್ರೆ ಹಿಡಿದು ತೇಗುತ್ತಾ ಬರುವಷ್ಟರಲ್ಲಿ ಪರದೆಯ ಮೇಲೆ ಅಲ್ಲಲ್ಲಿ ತೂತುಬಿದ್ದ ಕೊಕ್ಕೆ ಮೂಡಿತ್ತು.

“ಇದೇನ್ಲಾ, ಇಲಿ ಕಡ್ದಂಗದೆ?”

“ಬೇಡದ ಕಬ್ಬಿಣ ತೆಗ್ದಿದೆ ಭಾವ.”

“ಮುಗೀತು ತಾನೆ? ಗಟ್ಟಿಗ ಕಣ್ಲಾ ನಿನ್ ಕಾರ್ಡು. ಆ ಎರಡ್ನೇ ಮುದ್ದೆ ಬ್ಯಾಡ ಅಂದಿದ್ರೆ ನಾನೇ ಗೆಲ್ತಿದ್ದೆ.”

ಅಕ್ಕ ಪಾತ್ರೆಯ ಮುಚ್ಚಳವನ್ನು ತುಂಬ ಗಮನವಿಟ್ಟು ಒರೆಸುತ್ತಿದ್ದಳು.

ಕಾರ್ಡ್ ಉಳಿಯಿತು. ಗಿರಾಕಿಗಳಿಗೆಲ್ಲ ಭಾವ ಈಗಲೂ ಅದರ ವೇಗವನ್ನು ಹೊಗಳುತ್ತಾರೆ. ಮುಂದಿನ ವಾರ ಹೊಸ ಡ್ರೈವರ್ ಹಾಕಿದ್ದು ನನಗೆ ನೆನಪಿದೆ. ಯಾಕೆ ಹಾಕಿದೆ ಎಂಬುದು ಮಾತ್ರ ಅನುಕೂಲವಾಗಿ ಮರೆತುಹೋಗಿತ್ತು. ಕಣ್ಸನ್ನೆಯ ವಿಷಯದಲ್ಲಿ ಅಕ್ಕನದೂ ನನ್ನದೂ ಇನ್ನೂ ವಾದ ನಡೆದಿದೆ.

ಮೊನ್ನೆ, ಸಾಫ್ಟ್‌ವೇರ್ ಆ ದಿನ ತಾನೇ ಬರೆದಿಟ್ಟ ಲಾಗ್ ಫೈಲ್ ಹುಡುಕಿ ತೆರೆದೆ. ಅನುಮಾನಕ್ಕೆ ಎಡೆಯಿಲ್ಲದಂತೆ ದಾಖಲಾಗಿದೆ: ಡ್ರೈವರ್ ಹಳೆಯದು, ಕಾರ್ಡ್ ಬಳಸಿಲ್ಲ, ಇಡೀ ಲೆಕ್ಕ ಕಂಪ್ಯೂಟರಿನ ಹಳೆಯ ಪ್ರೊಸೆಸರಿನಲ್ಲೇ ನಡೆದಿದೆ.