ಆಳೆತ್ತರದ ಗೋಡೆ

ಇಟ್ಟಿಗೆ ಗೋಡೆ ಕಟ್ಟುವ ರೋಬೋಟ್ ಮಾಡಬೇಕೆಂದು ನಾನು ಕೋಲ್ಕತ್ತೆಯ ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಒದ್ದಾಡುತ್ತಿದ್ದಾಗ ಜೊತೆಗಿದ್ದವನು ಒಬ್ಬ ಬಂಗಾಳಿ ಎಂಜಿನಿಯರ್. ನನಗಿಂತ ಚಿಕ್ಕವನು, ದೀದಿ ಎಂದು ಕರೆಯುತ್ತಿದ್ದ. ಗಾರೆ ಕೆಲಸದವನಿಗೆ ನಮ್ಮ ಧಾರವಾಡದ ಕಡೆ ಗೌಂಡಿ ಅಂತೀವಲ್ಲ, ಅವನಪ್ಪನದು ಅದೇ ಕೆಲಸ. ಬಿದಿರಿನ ಸಾರವೆಯಿಂದ ಬಿದ್ದು ಸತ್ತಿದ್ದರು.

"ಇನ್ನು ಮನುಷ್ಯರು ಹತ್ತೋದು ಬೇಡ ದೀದಿ. ಕಬ್ಬಿಣ ಹತ್ತಲಿ," ಎನ್ನುತ್ತಿದ್ದ.

ನಾನು ಸಂಶೋಧನಾ ಪ್ರಬಂಧ ಬರೆಯಲೆಂದು ಈ ಕೆಲಸಕ್ಕೆ ಕೈ ಹಾಕಿದವಳು. ಅವನ ಆ ಮಾತು ಕೇಳಿದ ಮೇಲೆ ಪ್ರಬಂಧದ ನೆನಪೇ ಬರಲಿಲ್ಲ.

ಪ್ರಯೋಗಾಲಯದಲ್ಲಿ ಯಂತ್ರ ಚೆಂದ ಗೋಡೆ ಕಟ್ಟಿತು. ಅದೇ ಊರಿನ ಬೆಹಾಲಾದಲ್ಲಿ ಏಳುತ್ತಿದ್ದ ಒಂದು ಫ್ಲ್ಯಾಟಿನ ಜಾಗಕ್ಕೆ ಒಯ್ದಾಗ ಕಷ್ಟ ಶುರುವಾಯಿತು. ನದೀದಂಡೆಯ ಭಟ್ಟಿಯಿಂದ ಬಂದ ಇಟ್ಟಿಗೆ ಒಂದು ಬಾಗಿರುತ್ತಿತ್ತು, ಇನ್ನೊಂದರ ಮೂಲೆ ಉದುರಿರುತ್ತಿತ್ತು, ಮತ್ತೊಂದು ಮಳೆನೀರು ಕುಡಿದು ಭಾರವಾಗಿರುತ್ತಿತ್ತು. ಯಂತ್ರ ಅದನ್ನು ಕ್ಯಾಮೆರಾದಲ್ಲಿ ನೋಡಿ, ಅಳೆದು, ತಿರುಗಿಸಿ ಇಡುವಷ್ಟರಲ್ಲಿ ಕೊಳವೆಯೊಳಗಿನ ಗಾರೆ ಗಟ್ಟಿಯಾಗುತ್ತಿತ್ತು. ಕೊಳವೆ ಬಿಚ್ಚಿ ತೊಳೆದು ತೊಳೆದು ನಮ್ಮ ಕೈಗಳ ಚರ್ಮ ಸುಲಿಯಿತು. ಆದರೂ ಒಂದು ಗೋಡೆ ಆಳೆತ್ತರಕ್ಕೆ ಎದ್ದಿತು.

ಅದನ್ನು ತೋರಿಸಲು ಅವನು ತಾಯಿಯನ್ನು ಕರೆತಂದ. ಆಕೆ ಸೆರಗು ಹೊದ್ದು ಬಹಳ ಹೊತ್ತು ನಿಂತು ನೋಡಿದರು. ಇಟ್ಟಿಗೆಯ ಮೇಲೆ ಕೈಯಾಡಿಸಿದರು.

"ಚೆನ್ನಾಗಿದೆ ಮಗಾ. ಮೇಲೆ ಯಾವಾಗ ಹತ್ತುತ್ತೆ?"

"ಹತ್ತುತ್ತೆ ಮಾ."

"ಇಷ್ಟೆತ್ತರದಿಂದ ಯಾರೂ ಬೀಳಲ್ಲ ನೋಡು, ಅದಕ್ಕೆ ಕೇಳಿದೆ."

ತಾಯಿಯನ್ನು ಬಸ್ಸು ಹತ್ತಿಸಿ ಬಂದವನು ಊಟ ಮುಟ್ಟಲಿಲ್ಲ.

ಮಾರನೆಯ ವಾರ ಯಂತ್ರವನ್ನು ಎತ್ತುವ ಕಬ್ಬಿಣದ ಅಟ್ಟಣೆ ತರಿಸಿದೆವು. ಮಳೆಗೆ ನೆನೆದ ಜೇಡಿಮಣ್ಣು ಅಷ್ಟು ಭಾರ ತಡೆಯಲಿಲ್ಲ. ಅಟ್ಟಣೆಯ ಒಂದು ಕಾಲು ಕುಸಿದು ಯಂತ್ರ ವಾಲಿತು, ಅದರ ತೋಳು ನಾವು ಕಟ್ಟಿದ ಗೋಡೆಗೇ ಬಡಿದು ಗೋಡೆ ಬಿರುಕುಬಿಟ್ಟಿತು. ಯಾರಿಗೂ ಏಟಾಗಲಿಲ್ಲ. ಕಂತ್ರಾಟುದಾರ ಬೈಯಲೂ ಇಲ್ಲ. "ಮೇಡಂ, ದುರ್ಗಾಪೂಜೆಗೆ ಮುಂಚೆ ನಾನು ಮನೆ ಮುಗಿಸಿಕೊಡಬೇಕು. ಇದನ್ನು ತೆಗೆದುಕೊಂಡು ಹೋಗಿ," ಅಂದ, ಅಷ್ಟೆ.

ನಾವು ಯಂತ್ರವನ್ನು ಲಾರಿಗೆ ಏರಿಸುತ್ತಿರುವಾಗಲೇ ಅತ್ತ ಕೆಲಸದವರು ಬಿದಿರು ಕಟ್ಟತೊಡಗಿದರು. ಒಬ್ಬ ಬರಿಗಾಲಲ್ಲಿ ಮೂರನೆಯ ಅಂತಸ್ತಿಗೆ ಹತ್ತಿ, ಒಂದು ಕೈಯಲ್ಲಿ ಕಂಬ ಹಿಡಿದು ಇನ್ನೊಂದರಲ್ಲಿ ಹಗ್ಗ ಬಿಗಿಯುತ್ತಿದ್ದ.

"ಇಳೀರಿ! ಇಳೀರಿ ದಾದಾ!" ಎಂದು ನನ್ನ ಜೊತೆಗಾರ ಒಮ್ಮೆಲೇ ಕೂಗಿದ. ಮೇಲಿದ್ದವನು ಕೆಳಗೆ ನೋಡಿ, ನಕ್ಕು, ಕೆಲಸ ಮುಂದುವರಿಸಿದ. ಇವನು ಲಾರಿಯ ಹಿಂದೆ ಹೋಗಿ ಕೂತುಬಿಟ್ಟ. ನಾನು ಹೆಗಲ ಮೇಲೆ ಕೈಯಿಟ್ಟೆ, ಸರಿಸಿದ.

ಈಗ ಅವನು ಖಿದಿರ್‌ಪುರದ ಬಂದರಿನಲ್ಲಿ ಕ್ರೇನುಗಳ ರಿಪೇರಿ ನೋಡಿಕೊಳ್ಳುತ್ತಾನೆ. ಮೊದಮೊದಲು ಫೋನು ಮಾಡಿದರೆ ಎತ್ತುತ್ತಿದ್ದ, ಹವೆಯ ಬಗ್ಗೆ ಮಾತಾಡುತ್ತಿದ್ದ. ಆಮೇಲೆ ಅದೂ ನಿಂತಿತು. ನಾನು ಪಾಠ ಮಾಡುತ್ತೇನೆ, ಮನೆಗೆ ಬರುತ್ತೇನೆ. ಯಂತ್ರವನ್ನು ಬಿಚ್ಚಿ, ಬೇಕಾದ ಭಾಗಗಳನ್ನು ಬೇರೆ ವಿಭಾಗದವರು ಒಯ್ದರು. ನಾನು ತಡೆಯಲಿಲ್ಲ.