ಎರಡನೇ ಚರಣ

ಬೀದಿಯವರ ಬಾಯಲ್ಲಿ ಅವಳು ಕೋರಸ್ ಅಕ್ಕ. ಹೆಸರಾಂತ ಗಾಯಕರೊಬ್ಬರ ಹಿಂದೆ ನಿಂತು ಪಲ್ಲವಿಗೆ ದನಿಗೂಡಿಸುವುದೇ ಅವಳ ಕಸುಬು. ಮದುವೆಗೆ ಮುಂಚೆ ಹಿಡಿದ ಕೆಲಸ, ಮಗಳು ಗಂಡನ ಮನೆಗೆ ಹೋದ ಮೇಲೂ ಬಿಟ್ಟಿರಲಿಲ್ಲ. ಇಷ್ಟು ವರ್ಷದಲ್ಲಿ ಒಂದು ಸಾಲನ್ನೂ ಒಬ್ಬಳೇ ಹಾಡಿದವಳಲ್ಲ. ಅದಕ್ಕಾಗಿ ಕೊರಗಿದವಳೂ ಅಲ್ಲ. "ನಾನು ಗೋಡೆ ಇದ್ದ ಹಾಗೆ. ಗೋಡೆ ಇದ್ರೆ ತಾನೇ ಅವರು ಒರಗೋದು?" ಎಂದು ನಗುತ್ತಿದ್ದಳು.

ಕೊರಗೆಲ್ಲ ಬಸ್ ಡ್ರೈವರ್ ಆಗಿದ್ದ ಅವಳ ಗಂಡನದು. ರೇಡಿಯೊದಲ್ಲಿ ಹಾಡು ಬಂದರೆ ಸಾಕು, ಕಿವಿ ಹಚ್ಚಿ ಕೂತು, "ಇದರಲ್ಲಿ ನಿನ್ನ ದನಿ ಯಾವುದೇ?" ಎಂದು ಕೇಳುವನು.

ಸ್ಟುಡಿಯೋದಲ್ಲಷ್ಟೇ ಹಾಡಿಕೊಂಡಿದ್ದ ಗಾಯಕರು ಬಹಳ ವರ್ಷಗಳ ಮೇಲೆ ಮತ್ತೆ ವೇದಿಕೆ ಹತ್ತಿದರು. ಆ ಕಾರ್ಯಕ್ರಮವನ್ನು ಇದ್ದದ್ದು ಇದ್ದ ಹಾಗೇ ರೆಕಾರ್ಡ್ ಮಾಡಿ ಆಲ್ಬಮ್ ತರುವುದೆಂದು ಕಂಪನಿಯವರು ತೀರ್ಮಾನಿಸಿದ್ದರು. ಸಭಾಂಗಣ ಕಿಕ್ಕಿರಿದಿತ್ತು. ಎಲ್ಲರೂ ಕಾಯುತ್ತಿದ್ದ ಹಾಡು ಶುರುವಾಯಿತು. ಮೊದಲ ಚರಣ ಸಲೀಸಾಗಿ ಮುಗಿಯಿತು. ಎರಡನೆಯದಕ್ಕೆ ಗಾಯಕರು ಬಾಯಿ ತೆರೆದರು; ಮಾತು ಬರಲಿಲ್ಲ. ವಾದ್ಯದವರು ಅದೇ ತುಣುಕನ್ನು ಮತ್ತೊಮ್ಮೆ ನುಡಿಸಿದರು. ಆಗಲೂ ಇಲ್ಲ. ಜನ ಅದೇನೋ ತಮಾಷೆ ಎಂದುಕೊಂಡು ಶಿಳ್ಳೆ ಹಾಕಿದರು. ಹಿಂದೆ ನಿಂತಿದ್ದ ಅವಳಿಗೆ ಮಾತ್ರ ಅವರು ಸಾಲು ಮರೆತದ್ದು ತಿಳಿದುಹೋಯಿತು.

ಅವಳು ಹಿಂದುಮುಂದು ನೋಡದೆ ಚರಣವನ್ನು ಎತ್ತಿಕೊಂಡಳು. ಗಾಯಕರು ತಿರುಗಿ ನೋಡಿ, ಬೆಳಕು ಬಿಟ್ಟು ಪಕ್ಕಕ್ಕೆ ಸರಿದರು. ಚರಣ ಮುಗಿದಾಗ ಸಭೆಗೆ ಸಭೆಯೇ ಎದ್ದು ನಿಂತಿತ್ತು.

"ಪೂರ್ತಿ ಚರಣಾನಾ?" ಡ್ಯೂಟಿ ಮುಗಿಸಿ ಬಂದ ಗಂಡ ಕೇಳಿದ.

"ಪೂರ್ತಿ."

ಮರುದಿನ ಡಿಪೋದಲ್ಲಿ ಅವನು ಹೇಳದೆ ಬಿಟ್ಟವರಿಲ್ಲ. ಆಲ್ಬಮ್ ಬರಲಿ, ಎಲ್ಲರಿಗೂ ಕೇಳಿಸ್ತೀನಿ ಎಂದು ಸಾರಿಬಿಟ್ಟ.

ಕೆಲವು ವಾರಗಳ ಮೇಲೆ ಸ್ಟುಡಿಯೋದಿಂದ ಅವಳಿಗೆ ಕರೆ ಬಂತು. ಹೋದಾಗ ರೆಕಾರ್ಡಿಂಗ್ ಮಾಡುವವನು ಅವಳ ಮುಖ ನೋಡದೆಯೇ ಹೇಳಿದ: "ಎರಡನೇ ಚರಣ ಸರ್ ಇಲ್ಲೇ ಹಾಡಿ ಕೊಡ್ತಾರೆ. ನೀವು ಕೊನೆ ಸಾಲಿಗೆ ಸೇರ್ಕೊಳ್ಳಿ ಮೇಡಂ. ಚಪ್ಪಾಳೆ ಹಾಗೇ ಇಟ್ಟಿದೀವಿ."

ಅವಳು ಇವತ್ತು ಕೇಳಿಯೇ ಬಿಡುವುದು ಎಂದು ಗಾಜಿನ ಆಚೆ ನೋಡಿದಳು. ಗಾಯಕರು ಕುರ್ಚಿಯಲ್ಲಿ ಕೂತಿದ್ದರು. ದಪ್ಪಕ್ಷರದಲ್ಲಿ ಬರೆದ ಸಾಲುಗಳ ಕೆಳಗೆ ಅವರ ಹೆಂಡತಿ ಬೆರಳಿಟ್ಟು ಸರಿಸುತ್ತಿದ್ದರು. ಒಂದು ಸಾಲು ಹಾಡುವುದು, ನಿಲ್ಲಿಸುವುದು, ಎಲ್ಲಿದ್ದೆ ಎಂದು ಕೇಳುವುದು.

ಆ ಹಿರಿಯ ಹೆಂಗಸು ಹೊರಗೆ ಬಂದರು. "ನಿನ್ನದನ್ನ ತೆಗೆಸಿದ್ದು ನಾನೇ ಕಣಮ್ಮ. ಅದು ಹಾಗೇ ಬಂದ್ರೆ ಇವರಿಗೇನಾಗಿದೆ ಅಂತ ಊರಿಗೆಲ್ಲ ತಿಳಿಯುತ್ತೆ. ಇನ್ನೊಂದು ಆಲ್ಬಮ್ ಇವರ ಕೈಲಿ ಆಗಲ್ಲ."

ಅಷ್ಟರಲ್ಲಿ ಗಾಯಕರೂ ಬಾಗಿಲಿಗೆ ಬಂದರು. ಇವಳನ್ನು ನೋಡಿ ವಿನಯದಿಂದ ನಕ್ಕರು. "ಹೊಸದಾಗಿ ಬಂದ್ರಾ? ಹೆದರ್ಕೋಬೇಡಿ. ನನ್ನ ಹಿಂದೆ ಹಿಂದೆ ಬಂದ್ರೆ ಸಾಕು."

"ಹೂಂ ಸರ್," ಎಂದು ಅವಳು ಮೈಕಿನ ಮುಂದೆ ನಿಂತಳು.

ಗಂಡನಿಗೆ ಇದನ್ನು ಹೇಗೆ ಹೇಳುವುದೋ ತಿಳಿಯದೆ ಇವತ್ತು ನಾಳೆ ಎಂದು ದಿನ ದೂಡಿದಳು. ಅವಳು ಬಾಯಿ ಬಿಡುವ ಮೊದಲೇ ಆಲ್ಬಮ್ ಬಂತು. ಅವನು ಅದನ್ನು ಡಿಪೋಗೆ ಒಯ್ದು ಎಲ್ಲರನ್ನೂ ಕೂರಿಸಿ ಹಾಕಿದ. ಸಂಜೆ ಮನೆಗೆ ಬಂದವನು ಬೂಟು ಕೂಡ ಬಿಚ್ಚದೆ ಕೂತ.

"ನಿನ್ನದು ಇರ್ಲೇ ಇಲ್ಲ ಕಣೆ."

"ಗೊತ್ತಿತ್ತು."

"ಒಂದು ಮಾತು ಹೇಳಬಾರದಿತ್ತಾ? ಅಷ್ಟು ಜನರ ಮುಂದೆ ನಾನು..."

ಅವಳು ಸ್ಟುಡಿಯೋದಲ್ಲಿ ನಡೆದದ್ದನ್ನೆಲ್ಲ ಹೇಳಿದಳು. ಅವನು ಬಗ್ಗಿ ಬೂಟು ಬಿಚ್ಚತೊಡಗಿದ.

"ನಿನ್ನ ಗುರುತೇ ಸಿಗ್ಲಿಲ್ವಾ ಅವರಿಗೆ?"

"ಇಲ್ಲ."

"ಅತ್ತುಬಿಟ್ಯಾ?"

"ಬರ್ತಾ ಬಸ್ಸಲ್ಲಿ."

ಡಿಪೋದಲ್ಲಿ ಅವನು ನಿಜ ಹೇಳಲಿಲ್ಲ. ಬಡಾಯಿ ಕೊಚ್ಚಿದ ಎಂದು ಆಡಿಕೊಂಡರು. 'ಎರಡನೇ ಚರಣ' ಎಂದೇ ಅಡ್ಡಹೆಸರಿಟ್ಟರು. ಯಾರಾದರೂ ಹಾಗೆ ಕೂಗಿದರೆ ಕೈ ಎತ್ತಿ ಬಸ್ ಹತ್ತುತ್ತಿದ್ದ. ಅವಳಿಗೆ ಇದು ತಿಳಿದದ್ದು ಬೇರೆಯವರ ಬಾಯಿಂದ.

ಮರುವರ್ಷ ಗಾಯಕರು ತೀರಿಕೊಂಡರು. ಅವರ ಮನೆ ಮುಂದೆ ಜನ ಸಾಲುಗಟ್ಟಿದ್ದರು; ಅವಳೂ ಗಂಡನೊಂದಿಗೆ ಸಾಲಿನಲ್ಲಿ ನಿಂತಳು. ಸ್ಪೀಕರಿನಲ್ಲಿ ಅದೇ ಆಲ್ಬಮ್. ಎರಡನೇ ಚರಣ ಬಂದಾಗ ಮುಂದೆ ನಿಂತಿದ್ದವನೊಬ್ಬ ಕಣ್ಣೊರೆಸಿಕೊಂಡು, "ಆ ವಯಸ್ಸಲ್ಲೂ ಒಂದಕ್ಷರ ತಪ್ಪಲಿಲ್ಲ ನೋಡಿ," ಎಂದ. ಗಂಡ ಏನೋ ಹೇಳಹೋದ. ಅವಳು ಅವನ ತೋಳು ಹಿಡಿದಳು.

ಆಮೇಲೆ ಬೇರೆ ಒಂದಿಬ್ಬರು ಗಾಯಕರು ಕೋರಸ್‌ಗೆ ಕರೆದರು. ಅವಳು ಹೋಗಲಿಲ್ಲ. ಕಾರಣ ಕೇಳಿದ ಮಗಳಿಗೆ, "ಆಯುಷ್ಯವೆಲ್ಲ ಒಬ್ಬರ ಉಸಿರು ನೋಡ್ಕೊಂಡು ಹಾಡಿದ್ದು ಮಗಳೇ. ಬೇರೆಯವರು ಎಲ್ಲಿ ಉಸಿರು ತಗೋತಾರೋ ನನಗೆ ತಿಳಿಯಲ್ಲ," ಎಂದಳು.