ಕೈ ತೆಗೆದ ಮೇಲೂ ಕುಣಿದ ಟ್ಯಾಬ್

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮುಂಗೋಣೆಯ ಮೂಲೆಯಲ್ಲಿ ಹಳೇ ಕಂಪ್ಯೂಟರೊಂದು ಗುಂಯ್ ಅನ್ನುತ್ತಿದೆ. ಅದರ ಮುಂದೆ ಕೂತಿರುವ ನಡುವಯಸ್ಸಿನ ಹೆಂಗಸು ಬಲಗೈಯನ್ನು ತೊಡೆಯಡಿ ಸಿಕ್ಕಿಸಿಕೊಂಡು, ರೂಢಿಯಿಲ್ಲದ ಎಡಗೈಯಲ್ಲಿ ಮೌಸನ್ನು ಕೆಳಕ್ಕೆ ಎಳೆಯುತ್ತಿದ್ದಾರೆ. ಬಾಣದ ಗುರುತು ಪರದೆಯ ತಳದಲ್ಲಿರುವ ಪುಟ್ಟ ಪಟ್ಟಿಯ, ಅಂದರೆ ಟ್ಯಾಬಿನ, ಅಂಚಿಗೆ ತಾಗಿದ್ದೇ ತಡ, ಒತ್ತುವ ಗೊಡವೆಯೇ ಇಲ್ಲದೆ ಟ್ಯಾಬ್ ಮೆಲ್ಲಗೆ ಮೇಲಕ್ಕೆ ಜಾರುತ್ತದೆ, ಲೋಟದ ಚಿತ್ರ ತೋರಿಸುತ್ತದೆ, ‘ನೀರು’ ಅನ್ನುತ್ತದೆ. ಆಕೆ ಕೈ ಬಿಟ್ಟು ಪರದೆಯನ್ನೇ ದಿಟ್ಟಿಸುತ್ತಾರೆ. ಟ್ಯಾಬ್ ಅಲ್ಲಾಡುವುದಿಲ್ಲ. ಪಕ್ಕದ ಟ್ಯಾಬಿಗೆ ಹೋಗಿ ಮತ್ತೆ ಮೊದಲಿಂದ ಶುರು.

“ಬಲಗೈ ಭಾರೀ ಜಾಣ ನೋಡಿ,” ಎನ್ನುತ್ತಾರೆ ತಿರುಗಿಯೂ ನೋಡದೆ. “ಎಲ್ಲಾದ್ರೂ ತಪ್ಪಿದ್ರೆ ತಾನೇ ಸಂಭಾಳಿಸ್ಕೊಂಡು ಹೋಗ್ಬಿಡುತ್ತೆ. ನಂಗೆ ಆ ತಪ್ಪು ಕಾಣ್ಬೇಕಲ್ಲ.”

ಕೆಲಸದ ಕಡೆ ಎಲ್ಲರ ಬಾಯಲ್ಲೂ ಇವರು ಟ್ಯಾಬಕ್ಕ. ಕಾರ್ಖಾನೆಗೆ ಹೊಸದಾಗಿ ಸೇರಿದವರಿಗೆ ಯಂತ್ರದ ಪಾಠಗಳನ್ನು ಕಂಪ್ಯೂಟರಿನಲ್ಲಿ ತಯಾರಿಸಿ ಕೊಡುವ ಪುಟ್ಟ ಕಚೇರಿ ಅದು. ಚಿತ್ರ, ದನಿ, ಚಲನೆ ಎಲ್ಲವನ್ನೂ ಒಟ್ಟಿಗೆ ಹೆಣೆಯುವ ಅವರ ಸಾಫ್ಟ್‌ವೇರನ್ನು ಮಾಡಿದವರೇ ಕೈಬಿಟ್ಟಿದ್ದಾರೆ. ಕಿರಿಯರೆಲ್ಲ ಹೊಸದಕ್ಕೆ ಹಾರಿದರೂ ಇವರು ಜಪ್ಪಯ್ಯ ಅಂದರೂ ಬಿಟ್ಟಿಲ್ಲ. “ಹಳೇ ಗಂಡನ ಥರ. ಎಲ್ಲಿ ಮುನಿಸ್ಕೊಳ್ಳುತ್ತೆ, ಹೇಗೆ ರಮಿಸ್ಬೇಕು, ಎಲ್ಲಾ ಗೊತ್ತು,” ಎಂದು ನಗುತ್ತಾರೆ. ಪಾಠಗಳಿಗೆ ಇಂಥ ಟ್ಯಾಬುಗಳನ್ನು ಕೂರಿಸುವುದು ಇವರ ಪಾಲಿನ ಕೆಲಸ, ಆದರೂ ಪಾಠದ ಕೊನೆಯಲ್ಲಿ ಇವರ ಹೆಸರು ಬರುವುದಿಲ್ಲ. ಟ್ಯಾಬ್ ಸರಿಯಿದ್ದರೆ ಯಾರೂ ಅದರ ಕಡೆ ನೋಡುವುದಿಲ್ಲ, ಕೆಟ್ಟರೆ ಮಾತ್ರ ಇವರಿಗೆ ಫೋನು.

ಆದರೆ ಬೆಳಗಿನ ಈ ಕೆಲಸ ಕಚೇರಿಯದ್ದಲ್ಲ. ಒಳಗಿನ ಕೋಣೆಯಲ್ಲಿ ಮಲಗಿರುವ ಅಣ್ಣನದು.

ಅಣ್ಣ ತರಕಾರಿ ಮಂಡಿಯಲ್ಲಿ ಹರಾಜು ಕೂಗುತ್ತಿದ್ದವರು. ಕೊನೆಯ ಬೆಲೆಯನ್ನು ಮೂರು ಸಲ ಕೂಗಿ, ಅಂಗೈಯಿಂದ ಮೇಜಿಗೆ ಪಟ್ಟನೆ ಬಡಿದರೆ ಮುಗಿಯಿತು, ಮಾಲು ಆ ಕ್ಷಣಕ್ಕೆ ಕೈಬದಲು. ಮನೆಯಲ್ಲೂ ಬಾಯಿಗೆ ಬಿಡುವಿಲ್ಲದ ಆಸಾಮಿ. ಹೋದ ವರ್ಷ ಪಾರ್ಶ್ವವಾಯು ಬಡಿದು ಬಲಗೈಯೂ ಹೋಯಿತು, ಮಾತೂ ಹೋಯಿತು. ಬುದ್ಧಿ ಮಾತ್ರ ಚುರುಕಾಗಿಯೇ ಉಳಿಯಿತು, ಸಂಕಟವೆಲ್ಲ ಅಲ್ಲೇ. ಎಡಗೈಯಲ್ಲಿ ಮೌಸನ್ನು ಅಷ್ಟಿಷ್ಟು ಎಳೆಯಬಲ್ಲರು, ಬೆರಳಿಂದ ಒತ್ತಲಾರರು. ಅದಕ್ಕೇ ತಂಗಿ, ಬಾಣ ಮೇಲೆ ಬಂದರೆ ಸಾಕು ಮಾತಾಡುವ ಟ್ಯಾಬುಗಳನ್ನು ಮಾಡಿಕೊಟ್ಟರು. ನೀರು, ನೋವು, ದೀಪ, ಸಾಕು.

ಮಾಡಿಕೊಟ್ಟದ್ದು ಕುಣಿಯಿತು. ಅಣ್ಣ ಬಾಣ ತಂದರೆ ಟ್ಯಾಬ್ ಏರುವುದು, ಇಳಿಯುವುದು, ಏರುವುದು. ದನಿ ‘ನೀ... ನೀ... ನೀ...’ ಎಂದು ತೊದಲುವುದು. ಕೈ ನಡುಗುತ್ತಿದೆ ಎಂದು ಅತ್ತಿಗೆ ಅಣ್ಣನ ಮಣಿಕಟ್ಟು ಹಿಡಿದು ಕೂತರು. ಚಿಕಿತ್ಸಾ ಕೇಂದ್ರದಲ್ಲಿ ಮಾತು ಕಲಿಸುವ ಮೇಡಂ ಕೂಡ ನೋಡಿ ನಿಟ್ಟುಸಿರಿಟ್ಟರು. ಇನ್ನೊಂದು ಸಲ ನೋಡೋಣ, ಆಗದಿದ್ದರೆ ಪರದೆ ಬಿಟ್ಟುಬಿಡೋಣ, ಕಣ್ಣು ಮುಚ್ಚಿದರೆ ಹೌದು, ತೆರೆದಿಟ್ಟರೆ ಇಲ್ಲ, ಅಷ್ಟು ಸಾಕು ಎಂದರು.

“ಹೌದು, ಇಲ್ಲ. ಮಂಡಿ ಗಡಗಡ ಅನ್ನಿಸ್ತಿದ್ದವನಿಗೆ ಎರಡೇ ಮಾತು,” ಎನ್ನುತ್ತಾರೆ ಟ್ಯಾಬಕ್ಕ.

ಒಂದು ಸಂಜೆ ಅಣ್ಣ ಬೇಸತ್ತು ಮೌಸ್ ಬಿಟ್ಟರು. ಕೈ ಮಡಿಲಿಗೆ ಬಂತು. ಪರದೆಯ ಮೇಲೆ ಟ್ಯಾಬ್ ಮಾತ್ರ ಕುಣಿಯುತ್ತಲೇ ಇತ್ತು. “ನೋಡ್ತಾ ನಿಂತೆ. ಕೈ ಇಲ್ಲಿ, ಕುಣಿತ ಅಲ್ಲಿ. ಅಯ್ಯೋ ಅಣ್ಣ, ನಿನ್ನ ಕೈಯಲ್ಲ ಕಣೋ, ನನ್ನ ಟ್ಯಾಬೇ ನಡುಗ್ತಿರೋದು ಅಂತ ಅವನ ಕಾಲ ಹತ್ರ ಕೂತ್ಬಿಟ್ಟೆ.”

ಆಗಿದ್ದಿಷ್ಟೇ. ಇವರು ಪರೀಕ್ಷಿಸುವಾಗೆಲ್ಲ ಬಾಣವನ್ನು ಟ್ಯಾಬಿನ ನಡುವೆ ಇಡುತ್ತಿದ್ದರು. ಅಣ್ಣನ ಬಾಣ ನಿಲ್ಲುತ್ತಿದ್ದುದು ಕೆಳ ಅಂಚಿನಲ್ಲಿ. ಟ್ಯಾಬ್ ಮೇಲೇರಿದರೆ ಬಾಣದಿಂದ ತಪ್ಪಿಸಿಕೊಳ್ಳುತ್ತಿತ್ತು. ಬಾಣ ಹೋಯಿತೆಂದು ತಿಳಿದು ಕೆಳಗಿಳಿಯುತ್ತಿತ್ತು, ಇಳಿದರೆ ಮತ್ತೆ ಬಾಣಕ್ಕೆ ತಾಗುತ್ತಿತ್ತು. ಪರಿಹಾರವೂ ಸರಳ. ಟ್ಯಾಬು ಇಳಿದಿರುವ ಜಾಗದಲ್ಲಿ ಕಣ್ಣಿಗೆ ಕಾಣದ, ಅಲ್ಲಾಡದ ಒಂದು ಚೌಕ ಹಾಸಿದರು. ಬಾಣ ಬಂತೇ, ಹೋಯಿತೇ ಎಂದು ಕಾಯುವುದು ಆ ಚೌಕದ ಕೆಲಸ. ಟ್ಯಾಬು ಏರಿ ಇಳಿದು ಅಂದ ತೋರಿಸಿಕೊಂಡಿದ್ದರೆ ಸಾಕು.

ಕೇಂದ್ರದಲ್ಲಿ ಆ ಕೊನೆಯ ಸಲ ಅಣ್ಣ ಬಾಣವನ್ನು ಕೆಳಕ್ಕೆ ಎಳೆದರು. ‘ನೀರು’ ಎಂದಿತು ಪರದೆ, ಒಂದಿಷ್ಟೂ ತೊದಲದೆ. ಅತ್ತಿಗೆ ಲೋಟಕ್ಕೆ ಓಡಿದರು. ಅಣ್ಣ ಬಾಣ ಸರಿಸಿ ಮತ್ತೆ ತಂದರು. ‘ನೀರು.’ ಲೋಟ ಬಂತು, ಕಣ್ಣೆತ್ತಿಯೂ ನೋಡಲಿಲ್ಲ. ಮತ್ತೊಮ್ಮೆ ‘ನೀರು.’ ಆಮೇಲೆ ಎಡಗೈಯನ್ನು ನಿಧಾನಕ್ಕೆ ಎತ್ತಿ ಮೇಜಿಗೆ ಬಡಿದರು. ಮೇಡಂಗೆ ಅರ್ಥವಾಗಲಿಲ್ಲ. ಅತ್ತಿಗೆಗೆ ಆಯಿತು, ಲೋಟ ಹಿಡಿದುಕೊಂಡೇ ಅತ್ತರು. ಪರದೆ ಉಳಿಯಿತು.

ಈಗ ನಿಮ್ಮ ಆಸೆಯೇನು ಎಂದು ಕೇಳಿದರೆ ಟ್ಯಾಬಕ್ಕ ಬಲಗೈ ಬಿಡಿಸಿಕೊಂಡು ಬೆರಳು ನೆಟಿಗೆ ಮುರಿಯುತ್ತಾರೆ. “ಟ್ಯಾಬ್ ಇದೆ ಅನ್ನೋದನ್ನೇ ಅವನು ಮರೀಬೇಕು. ಮರೆತು, ಮೊದಲಿನ ಹಾಗೆ ನನ್ನ ಬೈಬೇಕು. ಅದಕ್ಕೇ ಇವತ್ತು ಇನ್ನೊಂದು ಸೇರಿಸಿದೀನಿ.”

ಬಿಸಿಲು ಕಿಟಕಿಗೆ ಬರುತ್ತಿದೆ. ಅತ್ತಿಗೆ ಅಣ್ಣನನ್ನು ಕರೆತಂದು ಕುರ್ಚಿಯಲ್ಲಿ ಕೂರಿಸುತ್ತಾರೆ. ಅಣ್ಣ ಹೊಸ ಟ್ಯಾಬನ್ನು ಕಂಡು ತಂಗಿಯ ಮುಖ ನೋಡುತ್ತಾರೆ. ಬಾಣ ನೀರು ದಾಟಿ, ನೋವು ದಾಟಿ, ತುದಿಗೆ ಬಂದು ಕೆಳ ಅಂಚಿನಲ್ಲಿ ನಿಲ್ಲುತ್ತದೆ. ಟ್ಯಾಬ್ ಏರುತ್ತದೆ. ರೆಕಾರ್ಡ್ ಮಾಡಿಟ್ಟ ಅತ್ತಿಗೆಯ ದನಿಯಲ್ಲಿ ಅಣ್ಣನ ಹಳೇ ಮಾತು ಬರುತ್ತದೆ: ‘ಸಾಕು ಮಾಡೇ ಕತ್ತೆ, ಎದ್ದು ಹೋಗಿ ಏನಾದ್ರೂ ತಿನ್ನು.’

ಟ್ಯಾಬಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಪರದೆಯ ಕಡೆ ಬೆರಳು ತೋರಿಸುತ್ತಾರೆ.

“ಅಲ್ಲಾಡಿತಾ ನೋಡಿ? ಇಲ್ಲ ತಾನೇ?”